ಧಾರವಾಡದಾಂವ ಅಯ್ಯರ್ ಆದದ್ದು

1990ರಲ್ಲಿ ನಾನು ಧಾರವಾಡ ಬಿಟ್ಟು ನೌಕರಿಗೆಂದು ಮುಂಬೈಗೆ ಬಂದೆ. ಅದೇ ವರ್ಷ ‘ಅಗ್ನಿಪಥ್’ ತೆರೆಕಂಡಿತ್ತು. ಅದರಲ್ಲಿ ಬಂಗಾಳಿ ನಟ ಮಿಥುನ್ ಚಕ್ರವರ್ತಿ ಲುಂಗಿ ಉಟ್ಟು ಎಳನೀರು ಮಾರುವ ಕೃಷ್ಣನ್ ಅಯ್ಯರ್, ಎಂ.ಎ. ಆಗಿದ್ದರು. ಆಫೀಸಿನಲ್ಲಿ ಮೊದಲ ದಿನ ನಾನು ಹಿಂದಿಯಲ್ಲಿ ಎರಡು ಮಾತಾಡಿದ್ದೇ ತಡ, ಹಿಂದಿನ ಟೇಬಲ್ಲಿನಿಂದ ‘ಅಯ್ಯಯ್ಯೋ ಜೀ!’ ಅಂತ ಕೂಗು ಬಂತು. ಅವತ್ತಿನಿಂದ ನಾನು ಅಯ್ಯರ್, ಮದ್ರಾಸಿ.

ತಮಾಷೆ ಏನಂದ್ರ, ಧಾರವಾಡ ಮದ್ರಾಸಿಗೆ ಸೇರಿದ್ದೇ ಅಲ್ಲ. 1956ರ ತನಕ ಅದು ಮುಂಬೈ ರಾಜ್ಯದ್ದು. ನಮ್ಮಪ್ಪ ಹುಟ್ಟಿದ್ದು ಮುಂಬೈ ಪ್ರಾಂತದಾಗ. ಮಗ ಮುಂಬೈಗೆ ಬಂದು ಮದ್ರಾಸಿ ಆದ!

ಈ ‘ಮದ್ರಾಸಿ’ ಹಿಂದಿ ಮಿಥುನ್‌ರಿಂದ ಶುರುವಾದದ್ದಲ್ಲ. 1968ರ ‘ಪಡೋಸನ್’ನಲ್ಲಿ ಜುಟ್ಟು ಬಿಟ್ಟ ಸಂಗೀತದ ಮೇಷ್ಟ್ರಾಗಿ ಮೆಹಮೂದ್ ಅದನ್ನು ಮನೆಮಾತು ಮಾಡಿದ್ದರು. ಮನ್ನಾ ಡೇ, ಕಿಶೋರ್ ಕುಮಾರ್ ಪೈಪೋಟಿಯ ಹಾಡಿಗೆ ನಾನೂ ನಕ್ಕವನೇ. ಆದರೆ ಆ ಕಾಲ ನೋಡಿ. 1966ರಲ್ಲಿ ಶಿವಸೇನೆ ಹುಟ್ಟಿತ್ತು. ನಮ್ಮ ನೌಕರಿ ಕಸಿದವರು ದಕ್ಷಿಣದವರು ಎಂಬ ಕೂಗು ಎದ್ದಿತ್ತು. ಉಡುಪಿ ಹೋಟೆಲುಗಳ ಮೇಲೆ ದಾಳಿ ನಡೆದ ದಿನಗಳವು. ಸಿನಿಮಾ ಆ ಸಿಟ್ಟು ಹುಟ್ಟಿಸಿತು ಅನ್ನಲಾರೆ. ಆದರೆ ನಾಲ್ಕು ಭಾಷೆಯ ಜನರನ್ನು ಒಂದೇ ಹೆಸರಿನಿಂದ ಕರೆಯುವುದು ಬೀದಿಯಲ್ಲೂ ಇತ್ತು, ತೆರೆಯ ಮೇಲೂ ಇತ್ತು.

ನಾವು ಹಿಂದಿ ಆಡುವಾಗ ತಪ್ಪುವುದಿಲ್ಲವೇ? ತಪ್ಪುತ್ತೇವೆ. ಕನ್ನಡದಲ್ಲಿ ಬಸ್ಸಿಗೆ ಗಂಡು ಹೆಣ್ಣು ಎಂಬುದಿಲ್ಲ, ಹಿಂದಿಯಲ್ಲಿ ಅದು ಹೆಣ್ಣು. ‘ಬಸ್ ಆಯಾ’ ಅಂದು ಸಿಕ್ಕಿಬೀಳುತ್ತೇವೆ. ನಮ್ಮ ನಿಜವಾದ ಎಡವಟ್ಟು ಇಂಥಾದ್ದು. ಇದನ್ನು ಹಿಡಿಯಬೇಕಾದರೆ ನಟ ನಮ್ಮ ಪಕ್ಕ ಕೂತು ಕಿವಿಗೊಡಬೇಕು. ‘ಅಯ್ಯೋ’ ಅನ್ನಲಿಕ್ಕೆ ಆ ತ್ರಾಸು ಬೇಕಿಲ್ಲ. 2013ರ ‘ಚೆನ್ನೈ ಎಕ್ಸ್‌ಪ್ರೆಸ್’ನಲ್ಲಿ ಬೆಂಗಳೂರಿನಲ್ಲೇ ಬೆಳೆದ ದೀಪಿಕಾ ಪಡುಕೋಣೆಯ ಬಾಯಿಗೂ ಅದೇ ಎಳೆದ ಹಿಂದಿ ಬಂತು.

ಇಷ್ಟು ವರ್ಷ ಇದನ್ನೆಲ್ಲ ದೂರು ಅಂತಲೇ ಹೇಳಿಕೊಂಡು ಬಂದೆ. ಒಮ್ಮೆ ರಜೆಗೆ ಬೆಂಗಳೂರಿಗೆ ಹೋದಾಗ ನೆಂಟರ ಮನೆಯ ಟೀವಿಯಲ್ಲಿ ಒಂದು ಕನ್ನಡ ಸಿನಿಮಾ ಬರುತ್ತಿತ್ತು. ಅದರಲ್ಲಿ ಒಬ್ಬ ಪೆದ್ದ, ‘ನಮ್ಮ ಕಡೆಯವ’ನಂತೆ. ‘ಮನೆಗೆ ಹೋಗ್ತಾ ಇದ್ದೀನ್ರೀ’ ಅಂದ. ಬೆಂಗಳೂರಿನ ಮಾತಿಗೆ ಒಂದು ‘ರೀ’ ಅಂಟಿಸಿದರೆ ಧಾರವಾಡ ಆಯ್ತು! ನಾವಾದರೆ ‘ಮನೀಗೆ ಹೊಂಟೇನ್ರಿ’ ಅಂತೀವಿ. ಮನೆಯವರೆಲ್ಲ ಬಿದ್ದು ಬಿದ್ದು ನಕ್ಕರು. ನನಗೆ ಮಾತ್ರ ಹಿಂದಿನ ಟೇಬಲ್ಲಿನ ಕೂಗು ಕೇಳಿಸಿತು. ಮುಂಬೈಯವರ ‘ಜೀ’ಗೂ ನಮ್ಮವರ ‘ರೀ’ಗೂ ಏನು ಫರಕು?

ಬೇರೆ ದಾರಿ ಇಲ್ಲವೆಂದಲ್ಲ. 2016ರಲ್ಲಿ ತೆರೆಗೆ ಬಂದ ‘ತಿಥಿ’ಯಲ್ಲಿ ಮಂಡ್ಯ ಸೀಮೆಯ ಹಳ್ಳಿಯವರೇ ತಮ್ಮ ಮಾತಿನಲ್ಲೇ ನಟಿಸಿದರು. ಅಲ್ಲಿಯೂ ನಕ್ಕೆವು, ಆದರೆ ಅವರ ನಾಲಗೆಯನ್ನು ನೋಡಿ ನಗಲಿಲ್ಲ.

ಮುಂಬೈಯವರು ನಮ್ಮನ್ನು ತಿಳಿಯಲಿಲ್ಲ ಅಂತ ಬೈಯೋಣ, ಬ್ಯಾಡ ಅನ್ನಂಗಿಲ್ಲ. ಮೊದಲು ನಾವು ನಾವು ಒಬ್ಬರ ಮಾತು ಒಬ್ಬರು ಸರಿಯಾಗಿ ಕೇಳೋಣ್ರಿ.