ಬೇಚಿರಾಗ್: ದೀಪವಾರಿದ ಊರುಗಳೂ ನಮ್ಮ ಮಕ್ಕಳ ಶಾಲೆಗಳೂ

ಕಂದಾಯ ಇಲಾಖೆಯ ಹಳೆಯ ದಾಖಲೆಗಳಲ್ಲಿ ‘ಬೇಚಿರಾಗ್’ ಎಂಬ ಮಾತೊಂದು ಬರುತ್ತದೆ. ಫಾರಸಿಯಲ್ಲಿ ‘ಚಿರಾಗ್’ ಎಂದರೆ ದೀಪ, ‘ಬೇ’ ಎಂದರೆ ಇಲ್ಲದ್ದು. ಗ್ರಾಮಕ್ಕೆ ಹೆಸರಿದೆ, ಎಲ್ಲೆಯಿದೆ, ಸರ್ವೆ ನಂಬರುಗಳಿವೆ, ಹೊಲಗಳಿಗೆ ಪಟ್ಟೇದಾರರೂ ಇದ್ದಾರೆ. ಆದರೆ ಸಂಜೆ ದೀಪ ಹಚ್ಚುವ ಮನೆ ಒಂದೂ ಇಲ್ಲ. ಅಂಥ ಗ್ರಾಮ ಬೇಚಿರಾಗ್. ಕನ್ನಡದ ನಾಲಿಗೆಯಲ್ಲಿ ಅದು ‘ಬೇಚರಾಕ್’ ಆಯಿತು. ನಿಜಾಮರ ಆಡಳಿತ ಕಂಡ ನಮ್ಮ ಸೀಮೆಯ ಹಿರಿಯರಿಗೆ ಈ ಮಾತು ಅಪರಿಚಿತವಲ್ಲ.

ನಾರಾಯಣಪೇಟೆ, ಮಕ್ತಲ್ ಮತ್ತು ಗದ್ವಾಲ ಸೀಮೆಯ ಕನ್ನಡ ಪಾಲಕರನ್ನು ಉದ್ದೇಶಿಸಿ ಬರೆದ ಟಿಪ್ಪಣಿ ಇದು. ಕೃಷ್ಣೆ, ಭೀಮೆ, ತುಂಗಭದ್ರೆಯರ ನಡುವಿನ ಈ ನಾಡಿನಲ್ಲಿ ಜನರು ತಮ್ಮ ಊರುಗಳನ್ನು ಏಕೆ ಬಿಟ್ಟರು, ಬಿಟ್ಟ ಮೇಲೆ ಏನು ಉಳಿಯಿತು, ಏನು ಅಳಿಯಿತು ಎಂಬುದನ್ನು ಮೊದಲು ನೋಡೋಣ. ಶಾಲೆಯ ಮಾತು ಆ ಇತಿಹಾಸದ ಒಳಗಿನಿಂದಲೇ ತಾನಾಗಿ ಬರುತ್ತದೆ.

ಅತ್ಯಂತ ಹಳೆಯ ಉದಾಹರಣೆ ಇಂದಿನ ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ ಮಂಡಲದಲ್ಲಿದೆ. ಹೊಳೆಯ ದಡದ ಮುಡುಮಾಲ ಗ್ರಾಮದ ಬಳಿ ಆಳೆತ್ತರವನ್ನು ಮೀರಿದ ನಿಲುಗಲ್ಲುಗಳು ಗುಂಪುಗುಂಪಾಗಿ ನಿಂತಿವೆ. ಅವು ಮೂರು ಸಾವಿರ ವರ್ಷಗಳಿಗೂ ಹಿಂದಿನ ಬೃಹತ್ ಶಿಲಾಯುಗದ ಜನರು ನೆಟ್ಟವು. 2025ರಲ್ಲಿ ಈ ಸ್ಥಳವು ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಯನ್ನು ಸೇರಿತು. ಆದರೆ ಈ ಕಲ್ಲುಗಳನ್ನು ನೆಟ್ಟವರು ತಮ್ಮನ್ನು ಏನೆಂದು ಕರೆದುಕೊಂಡರು, ಮಕ್ಕಳನ್ನು ಯಾವ ಮಾತಿನಲ್ಲಿ ರಮಿಸಿದರು ಎಂಬುದಕ್ಕೆ ಅಲ್ಲಿ ಒಂದು ಅಕ್ಷರದ ಸಾಕ್ಷಿಯೂ ಇಲ್ಲ. ಕಲ್ಲು ಉಳಿಯಿತು, ಮಾತು ಉಳಿಯಲಿಲ್ಲ.

ಆಲಂಪುರದ ಕಥೆ ಬೇರೆ. ತುಂಗಭದ್ರೆಯ ದಡದ ನವಬ್ರಹ್ಮ ದೇವಾಲಯಗಳನ್ನು ಏಳು ಮತ್ತು ಎಂಟನೆಯ ಶತಮಾನಗಳಲ್ಲಿ ಬಾದಾಮಿ ಚಾಲುಕ್ಯರು ಕಟ್ಟಿಸಿದರು. ಆ ಅರಸರೂ ಹೋದರು, ಅವರ ಅಧಿಕಾರಿಗಳೂ ಹೋದರು. ಆದರೂ ಅಲ್ಲಿನ ಶಾಸನಗಳಲ್ಲಿ ಕನ್ನಡದವೂ ಇರುವುದರಿಂದ, ಯಾರು ಯಾರಿಗೆ ಏನನ್ನು ಕೊಟ್ಟರು ಎಂಬುದನ್ನು ಇಂದಿಗೂ ಓದಬಹುದು. ಮುಡುಮಾಲಕ್ಕೂ ಆಲಂಪುರಕ್ಕೂ ಇರುವ ಅಂತರ ಕಲ್ಲಿನ ಗಾತ್ರದ್ದಲ್ಲ, ಅಕ್ಷರದ್ದು. ಜನರು ಬಿಟ್ಟುಹೋದ ಸ್ಥಳವೂ ಓದುವವರಿರುವ ತನಕ ಪೂರ್ತಿಯಾಗಿ ಬೇಚಿರಾಗ್ ಆಗುವುದಿಲ್ಲ.

ಸಮೀಪದ ಕಾಲಕ್ಕೆ ಬಂದರೆ, ಊರು ಬಿಡಿಸಿದ ಮೊದಲ ಕಾರಣ ಭಯ. 1947–48ರಲ್ಲಿ ರಜಾಕಾರರ ಹಾವಳಿಗೆ ಹೆದರಿ ರಾಯಚೂರು ಮತ್ತು ಗುಲಬರ್ಗಾ ಸೀಮೆಯ ಅನೇಕ ಕುಟುಂಬಗಳು ಸಂಸ್ಥಾನದ ಗಡಿ ದಾಟಿದವು. ಮುಂಡರಗಿ, ಗಜೇಂದ್ರಗಡ ಮೊದಲಾದೆಡೆ ಹೋರಾಟಗಾರರ ಶಿಬಿರಗಳು ನಡೆದವು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಬೆನ್ನಿಗೇ ಭಯವು ಮನೆ ಬದಲಿಸಿತು. ಆಗ ಊರು ಬಿಟ್ಟವರು ಮುಸ್ಲಿಂ ಕುಟುಂಬದವರು. ಎರಡೂ ಕಡೆಯ ಮನೆಗಳ ಬಾಗಿಲಿಗೆ ಬಿದ್ದ ಬೀಗ ಒಂದೇ ಬಗೆಯದು. ಕೆಲವರು ಮರಳಿದರು, ಕೆಲವರು ಮರಳಲಿಲ್ಲ.

ಎರಡನೆಯ ಕಾರಣ ಗಡಿ. ಇಲ್ಲಿ ಜನರು ಕದಲಲಿಲ್ಲ, ಗೆರೆಯೇ ಕದಲಿತು. 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯು ರಾಯಚೂರು ಜಿಲ್ಲೆಯನ್ನು ಮೈಸೂರು ರಾಜ್ಯಕ್ಕೆ ಸೇರಿಸುವಾಗ ಆಲಂಪುರ ಮತ್ತು ಗದ್ವಾಲ ತಾಲ್ಲೂಕುಗಳನ್ನು ಹೊರಗಿಟ್ಟಿತು. ಗುಲಬರ್ಗಾ ಜಿಲ್ಲೆಯಿಂದ ಕೊಡಂಗಲ್ ಮತ್ತು ತಾಂಡೂರು ತಾಲ್ಲೂಕುಗಳು ಹೀಗೆಯೇ ಹೊರಗುಳಿದವು. ಮೊದಲಿನಿಂದಲೂ ಮಹಬೂಬನಗರ ಜಿಲ್ಲೆಯಲ್ಲಿದ್ದ ಮಕ್ತಲ್ ಮತ್ತು ನಾರಾಯಣಪೇಟೆ ಆಂಧ್ರಪ್ರದೇಶದಲ್ಲೇ ಉಳಿದವು. 1956ರ ಅಕ್ಟೋಬರ್ 31ರಂದು ರಾಯಚೂರು ಜಿಲ್ಲೆಯವನಾಗಿ ಮಲಗಿದ ಗದ್ವಾಲದ ರೈತನು ಮರುದಿನ ಬೇರೊಂದು ರಾಜ್ಯದಲ್ಲಿ ಎದ್ದ. ಅವನ ಮನೆ, ಹೊಲ, ಬಾವಿ ಯಾವುದೂ ಕದಲಲಿಲ್ಲ. ಕದಲಿದ್ದು ಕಚೇರಿಯ ಭಾಷೆ, ನೌಕರಿಯ ದಾರಿ, ಮಕ್ಕಳ ಪಠ್ಯಪುಸ್ತಕ ಬರುವ ದಿಕ್ಕು. ಈ ಬಗೆಯ ಬಿಡುವಿಕೆ ಕಣ್ಣಿಗೆ ಕಾಣುವುದಿಲ್ಲ. ಇಲ್ಲಿ ಊರು ಖಾಲಿಯಾಗದೆಯೇ ಒಂದು ಭಾಷೆ ಖಾಲಿಯಾಗಬಲ್ಲದು.

ಮೂರನೆಯ ಕಾರಣ ನೀರು. ಶ್ರೀಶೈಲ ಅಣೆಕಟ್ಟಿಗೆ 1963ರಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಶಂಕುಸ್ಥಾಪನೆ ಮಾಡಿದರು. ಅದರ ಹಿನ್ನೀರು ಕರ್ನೂಲು ಮತ್ತು ಮಹಬೂಬನಗರ ಜಿಲ್ಲೆಗಳ ಸುಮಾರು ನೂರು ಗ್ರಾಮಗಳನ್ನು ನುಂಗಿತು. ನಿರ್ಗತಿಕರಾದವರು ಲಕ್ಷದ ಆಸುಪಾಸು. 1981ರ ಬೇಸಗೆಯಲ್ಲಿ ಮನೆಗಳನ್ನು ಕೆಡವಿ ಜನರನ್ನು ಎಬ್ಬಿಸಲಾಯಿತು. ಮುಳುಗಡೆಯಾದ ಪ್ರತಿ ಕುಟುಂಬದ ಒಬ್ಬರಿಗೆ ಸರ್ಕಾರಿ ಕೆಲಸ ಕೊಡುವ 98ನೇ ಸಂಖ್ಯೆಯ ಆದೇಶ ಹೊರಬಿದ್ದದ್ದು 1986ರಲ್ಲಿ. ಆ ಆದೇಶದ ಹೆಸರು ಹಿಡಿದು ಆಮೇಲೂ ದಶಕಗಳ ಕಾಲ ಜನರು ಕಚೇರಿಗಳಿಗೆ ಅಲೆದರು.

ಇದೇ ಹಿನ್ನೀರಿನ ಭಯದಿಂದ ಸಂಗಮ ಸ್ಥಳವಾದ ಕೂಡವೆಲ್ಲಿಯ ಸಂಗಮೇಶ್ವರ ದೇವಾಲಯವನ್ನು ಬಿಚ್ಚಿ, ಆಲಂಪುರಕ್ಕೆ ತಂದು, ಮತ್ತೆ ಜೋಡಿಸಲಾಯಿತು. ಪಾಪನಾಶಿಯ ಗುಡಿಗಳನ್ನೂ ಹೀಗೆ ಸ್ಥಳಾಂತರಿಸಲಾಯಿತು. ಆಲಂಪುರವನ್ನು ಉಳಿಸಲು ತಡೆಗೋಡೆ ಎದ್ದಿತು. ಗುಡಿಯೊಂದನ್ನು ಕದಲಿಸುವಾಗ ಪ್ರತಿ ಕಲ್ಲಿಗೂ ಗುರುತು ಬೇಕು. ಯಾವುದು ತಳಪಾಯದ್ದು, ಯಾವುದು ಶಿಖರದ್ದು, ಯಾವುದರ ಪಕ್ಕ ಯಾವುದು ಎಂಬ ಲೆಕ್ಕ ತಪ್ಪಿದರೆ ಗುಡಿ ಮತ್ತೆ ನಿಲ್ಲದು. ಇಂದು ಆ ದೇವಾಲಯ ಅಂದವಾಗಿ ನಿಂತಿದೆ ಎಂದರೆ ಆ ಲೆಕ್ಕವೇ ಕಾರಣ. ಊರಿನ ಜನರನ್ನು ಕದಲಿಸುವಾಗ ಯಾರ ಪಕ್ಕ ಯಾರು ಇದ್ದರು ಎಂಬ ಲೆಕ್ಕವನ್ನು ಯಾರೂ ಇಡಲಿಲ್ಲ. ಪರಿಹಾರದ ಪಟ್ಟಿಯಲ್ಲಿ ಮನೆಯ ಅಳತೆಗೆ ಜಾಗವಿತ್ತು, ನೆರೆಹೊರೆಗೆ ಜಾಗವಿರಲಿಲ್ಲ.

ಮೇಲಿನ ಕೃಷ್ಣೆಯ ಮೇಲೆ ಗದ್ವಾಲ ಮತ್ತು ಆತ್ಮಕೂರುಗಳ ನಡುವೆ ಜೂರಾಲ ಅಣೆಕಟ್ಟು ಬಂತು. ಶಂಕುಸ್ಥಾಪನೆ 1981ರಲ್ಲಿ, ಕೆಲಸ ಮುಗಿದದ್ದು 1990ರ ದಶಕದಲ್ಲಿ. ಮಕ್ತಲ್ ಸೀಮೆಯಲ್ಲಿ ಭೀಮಾ ಏತ ನೀರಾವರಿಗಾಗಿ ಸಂಗಂಬಂಡ, ಭೂತ್ಪುರ ಜಲಾಶಯಗಳಾದವು. 2009ರ ಅಕ್ಟೋಬರಿನ ಮಹಾಪೂರವು ಕರ್ನೂಲು, ಆಲಂಪುರ, ರಾಯಚೂರುಗಳನ್ನು ಒಟ್ಟಿಗೆ ಹೊಡೆಯಿತು; ನೇಕಾರರ ಊರಾದ ರಾಜೋಳಿ ನೀರಿನಲ್ಲಿ ನಿಂತಿತು. ಈ ಯೋಜನೆಗಳಿಂದ ಒಣ ಹೊಲಗಳಿಗೆ ನೀರು ಬಂದದ್ದು ಸತ್ಯ. ಆ ನೀರಿಗಾಗಿ ಕೆಲವರು ಊರನ್ನೇ ಕೊಟ್ಟರೆಂಬುದೂ ಅಷ್ಟೇ ಸತ್ಯ.

ಆಲಮಟ್ಟಿಯ ಹಿನ್ನೀರಿನಿಂದ ಹಳೆಯ ಬಾಗಲಕೋಟೆಯ ಬಹುಭಾಗ ಮುಳುಗಿದಾಗ ಜನರು ನವನಗರಕ್ಕೆ ಹೋದರು. ನೋವು ಅವರಿಗೂ ಕಡಿಮೆಯದಲ್ಲ. ಆದರೆ ಹೊಸ ಬಡಾವಣೆಯ ಶಾಲೆಯೂ ಕನ್ನಡದ್ದೇ. ಗಡಿಯಾಚೆಯ ಅಲ್ಪಸಂಖ್ಯಾತರ ಸ್ಥಿತಿ ಹಾಗಲ್ಲ. ಒಂದು ಊರಿನಲ್ಲಿ ನಲವತ್ತು ಕನ್ನಡ ಮಕ್ಕಳಿದ್ದಾರೆಂದು ಇಟ್ಟುಕೊಳ್ಳಿ. ಆ ಊರು ಒಡೆದು ಐದು ಕಡೆ ಹಂಚಿಹೋದರೆ ಮಕ್ಕಳ ಸಂಖ್ಯೆ ನಲವತ್ತೇ. ಆದರೆ ಐದರಲ್ಲಿ ಯಾವ ಶಾಲೆಯಲ್ಲಿಯೂ ಎಂಟಕ್ಕಿಂತ ಹೆಚ್ಚಿಲ್ಲ. ಒಬ್ಬ ಮಗುವೂ ಕನ್ನಡವನ್ನು ಬಿಡದೆಯೇ ಕನ್ನಡ ಶಾಲೆ ಇಲ್ಲವಾಗುತ್ತದೆ.

ನಾಲ್ಕನೆಯ ಕಾರಣ ಹಸಿವು. ಪಾಲಮೂರಿನ ಕೂಲಿಕಾರರು ದೇಶಕ್ಕೆಲ್ಲ ಗೊತ್ತು. ಮೇಸ್ತ್ರಿಯಿಂದ ಮುಂಗಡ ಪಡೆದು, ಸುಗ್ಗಿಯಿಲ್ಲದ ತಿಂಗಳುಗಳಲ್ಲಿ ಸಂಸಾರಸಮೇತ ಹೊರಟು, ದೂರದ ನಾಡುಗಳಲ್ಲಿ ಅಣೆಕಟ್ಟು, ಕಾಲುವೆ, ರಸ್ತೆ, ಮಹಡಿಗಳನ್ನು ಕಟ್ಟಿದವರು ಇವರು. 1871ರಲ್ಲಿ ಮುಂಬೈ ಕಡೆಯ ರೈಲುಮಾರ್ಗವು ರಾಯಚೂರಿನಲ್ಲಿ ಮದ್ರಾಸಿನ ಮಾರ್ಗವನ್ನು ಕೂಡಿಕೊಂಡಿತು. ಆ ಹಾದಿಯಲ್ಲಿರುವ ಕೃಷ್ಣಾ ನಿಲ್ದಾಣವು ನಮ್ಮ ಸೀಮೆಗೆ ಮುಂಬೈ, ಪುಣೆಗಳ ಬಾಗಿಲಾಯಿತು. ವಲಸೆ ಹೋದ ಮನೆಯಲ್ಲಿ ಅಜ್ಜ ಅಜ್ಜಿ ಉಳಿಯುತ್ತಾರೆ. ದೀಪ ಆರುವುದಿಲ್ಲ, ಮಂದವಾಗುತ್ತದೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಆ ಮನೆಯ ಮಗುವಿನ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಸಾಲಾಗಿ ಬೀಳುತ್ತದೆ.

ಭಯ, ಗಡಿ, ನೀರು, ಹಸಿವು: ಈ ನಾಲ್ಕರಲ್ಲಿ ಯಾವುದರಲ್ಲಿಯೂ ಊರು ಬಿಟ್ಟವರನ್ನು ದೂಷಿಸುವುದು ನ್ಯಾಯವಲ್ಲ. ಕನ್ನಡ ಮಾಧ್ಯಮವನ್ನು ಬಿಟ್ಟು ಮಕ್ಕಳನ್ನು ತೆಲುಗು ಅಥವಾ ಇಂಗ್ಲಿಷ್ ಶಾಲೆಗೆ ಸೇರಿಸಿದ ಪಾಲಕರನ್ನು ದೂಷಿಸುವುದೂ ಹಾಗೆಯೇ ನ್ಯಾಯವಲ್ಲ. ಹತ್ತನೆಯ ತರಗತಿಯ ನಂತರ ಮುಂದೇನು ಎಂಬ ಪ್ರಶ್ನೆ ನಿಜವಾದದ್ದು. 2022–23ರಿಂದ ತೆಲಂಗಾಣದ ಸರ್ಕಾರಿ ಶಾಲೆಗಳಿಗೂ ಇಂಗ್ಲಿಷ್ ಮಾಧ್ಯಮ ಬಂದಿರುವಾಗ ಸೆಳೆತ ಇನ್ನೂ ಹೆಚ್ಚಿದೆ. ಕಾರಣಗಳನ್ನು ಅರಿಯದೆ ಬರೀ ಅಭಿಮಾನವನ್ನು ಬೋಧಿಸಿದರೆ ಯಾವ ಶಾಲೆಯೂ ಉಳಿಯದು.

ಆದರೆ ಶಾಲೆ ಬೇಚಿರಾಗ್ ಆಗುವ ಕ್ರಮವನ್ನು ಗಮನಿಸಬೇಕು. ಅಣೆಕಟ್ಟಿನ ನೀರಿನಂತೆ ಅದು ಒಂದೇ ಬೇಸಗೆಯಲ್ಲಿ ಬರುವುದಿಲ್ಲ. ಕನ್ನಡದ ಶಿಕ್ಷಕರೊಬ್ಬರು ನಿವೃತ್ತರಾಗುತ್ತಾರೆ, ಆ ಜಾಗ ಖಾಲಿ ಉಳಿಯುತ್ತದೆ. ಎರಡು ತರಗತಿಗಳು ಒಂದೇ ಕೋಣೆಗೆ ಬರುತ್ತವೆ. ಪಠ್ಯಪುಸ್ತಕ ತಡವಾಗುತ್ತದೆ. ಇದನ್ನು ಕಂಡ ಪಾಲಕರು ಮುಂದಿನ ವರ್ಷ ಮಗುವನ್ನು ಬೇರೆಡೆ ಸೇರಿಸುತ್ತಾರೆ. ಸಂಖ್ಯೆ ಇಳಿದದ್ದನ್ನು ತೋರಿಸಿ ಖಾಲಿ ಜಾಗವನ್ನು ತುಂಬದಿರಲು ಕಾರಣ ಹೇಳಲಾಗುತ್ತದೆ. ಶಿಕ್ಷಕರಿಲ್ಲದ್ದರಿಂದ ಮಕ್ಕಳಿಲ್ಲ, ಮಕ್ಕಳಿಲ್ಲದ್ದರಿಂದ ಶಿಕ್ಷಕರಿಲ್ಲ. ಈ ಸುತ್ತಿನಲ್ಲಿ ಎಲ್ಲಿಯೂ ‘ಕನ್ನಡ ಶಾಲೆ ಮುಚ್ಚಿರಿ’ ಎಂಬ ಆದೇಶ ಹೊರಡುವುದಿಲ್ಲ.

ಈ ಸುತ್ತನ್ನು ಮುರಿಯಲು ಕಾನೂನಿನಲ್ಲಿ ಆಧಾರವಿದೆ. 1956ರಲ್ಲಿಯೇ, ಗಡಿಗಳು ಕದಲಿದ ಹೊತ್ತಿನಲ್ಲಿ, ಏಳನೆಯ ತಿದ್ದುಪಡಿಯು ಸಂವಿಧಾನಕ್ಕೆ 350-ಎ ಮತ್ತು 350-ಬಿ ವಿಧಿಗಳನ್ನು ಸೇರಿಸಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ಯತ್ನಿಸಬೇಕೆಂದು ಮೊದಲನೆಯದು ಹೇಳುತ್ತದೆ. ಎರಡನೆಯದು ಇದನ್ನು ನೋಡಿಕೊಳ್ಳುವ ವಿಶೇಷಾಧಿಕಾರಿಯ ನೇಮಕವನ್ನು ವಿಧಿಸುತ್ತದೆ. 1949ರ ಪ್ರಾಂತೀಯ ಶಿಕ್ಷಣ ಮಂತ್ರಿಗಳ ಸಮ್ಮೇಳನದ ಸೂತ್ರ ಇನ್ನೂ ಸ್ಪಷ್ಟ: ಶಾಲೆಯಲ್ಲಿ 40 ಅಥವಾ ತರಗತಿಯಲ್ಲಿ 10 ಮಕ್ಕಳು ಆ ಭಾಷೆಯವರಿದ್ದರೆ ಆ ಭಾಷೆಯ ಶಿಕ್ಷಕರನ್ನು ಕೊಡಬೇಕು. 2018ರ ತೆಲಂಗಾಣ ಕಾಯ್ದೆ ತೆಲುಗನ್ನು ಕಡ್ಡಾಯ ವಿಷಯವಾಗಿ ಕಲಿಸಬೇಕೆನ್ನುತ್ತದೆ. ಬಾಳುವ ನಾಡಿನ ಭಾಷೆಯನ್ನು ಮಕ್ಕಳು ಚೆನ್ನಾಗಿ ಕಲಿಯಲಿ. ಅದು ಮಾತೃಭಾಷೆಯ ಜಾಗವನ್ನು ಕೇಳುವುದಿಲ್ಲ.

ಹತ್ತು ಮತ್ತು ನಲವತ್ತು ಎಂಬ ಈ ಎರಡು ಅಂಕಿಗಳು ಸಂಗಮೇಶ್ವರ ಗುಡಿಯ ಕಲ್ಲುಗಳ ಮೇಲಿನ ಗುರುತುಗಳಿದ್ದಂತೆ. ಲೆಕ್ಕವಿದ್ದರೆ ಗುಡಿ ಮತ್ತೆ ನಿಲ್ಲುತ್ತದೆ. ಆ ಲೆಕ್ಕವನ್ನು ನಮ್ಮ ಪರವಾಗಿ ಬೇರೆ ಯಾರೂ ಬರೆಯುವುದಿಲ್ಲ. ಶಾಲಾ ಪ್ರವೇಶದ ಅರ್ಜಿಯಲ್ಲಿ ಮಾತೃಭಾಷೆಯ ಜಾಗದಲ್ಲಿ ‘ಕನ್ನಡ’ ಎಂದು ಬರೆಸಿರಿ. ಮುಂಬರುವ ಜನಗಣತಿಯಲ್ಲಿಯೂ ಹಾಗೆಯೇ ಹೇಳಿರಿ. ಜೂನ್ ತಿಂಗಳ ಬಡಿಬಾಟದ ಹೊತ್ತಿಗೆ ಊರಿನ ಕನ್ನಡ ಮಕ್ಕಳ ಪಟ್ಟಿಯನ್ನು ತರಗತಿವಾರು ಬರೆದು, ಪಾಲಕರೆಲ್ಲ ಸಹಿ ಹಾಕಿ, ಮಂಡಲ ಶಿಕ್ಷಣಾಧಿಕಾರಿಗಳಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಪಕ್ಕದ ಎರಡು ಊರುಗಳಲ್ಲಿ ಐದೈದು ಮಕ್ಕಳಿದ್ದರೆ ಒಂದೇ ಶಾಲೆಗೆ ಸೇರಿಸುವ ಮಾತಾಡಿರಿ. ಕನ್ನಡ ಮಾಧ್ಯಮ ಸಾಧ್ಯವಾಗದ ಕಡೆ ಕನ್ನಡವನ್ನು ಒಂದು ವಿಷಯವಾಗಿಯಾದರೂ ಕೇಳಿರಿ. ಕೂಲಿಗೆ ಹೋಗುವ ಮನೆಯವರು ಮಕ್ಕಳನ್ನು ಅಜ್ಜಿಯ ಬಳಿ ಬಿಡಲು ಸಾಧ್ಯವೇ ಎಂದು ನೆರೆಯವರು ವಿಚಾರಿಸಿ ನೆರವಾಗಿರಿ.

ಗದ್ವಾಲದ ಕೋಟೆಯನ್ನು ನೋಡಿದವರಿಗೆ ಒಂದು ಸಂಗತಿ ತಿಳಿದಿದೆ. ಸಂಸ್ಥಾನ ಹೋಯಿತು, 1949ರಲ್ಲಿ ಜಾಗೀರುಗಳು ರದ್ದಾದವು, ಅರಸುಮನೆತನದ ವಾಸ ಅಲ್ಲಿ ಮುಗಿಯಿತು. ಆದರೂ ಕೋಟೆ ಬೇಚಿರಾಗ್ ಆಗಲಿಲ್ಲ, ಏಕೆಂದರೆ ಅದರೊಳಗೆ ಮಹಾರಾಣಿ ಆದಿಲಕ್ಷ್ಮಿ ದೇವಮ್ಮ ಅವರ ಹೆಸರಿನ ಕಾಲೇಜು ಬಂತು. ಪ್ರತಿದಿನ ಮಕ್ಕಳು ಆ ಬಾಗಿಲನ್ನು ದಾಟಿ ಒಳಗೆ ಹೋಗುತ್ತಾರೆ. ಅರಸರು ಬಿಟ್ಟ ಜಾಗವನ್ನು ಕಾಯ್ದದ್ದು ಸೈನ್ಯವಲ್ಲ, ಹಾಜರಿ ಪುಸ್ತಕ. ನಮ್ಮ ಹಳ್ಳಿಗಳ ಕನ್ನಡ ಶಾಲೆಗಳನ್ನು ಕಾಯಬೇಕಾದದ್ದೂ ಅದೇ. ಈ ಜೂನಿನಲ್ಲಿ ಆ ಪುಸ್ತಕದಲ್ಲಿ ಎಷ್ಟು ಹೆಸರುಗಳಿರುತ್ತವೆ ಎಂಬುದು ನಮ್ಮ ಕೈಯಲ್ಲಿದೆ.