ಫಾಲ್ಕನ್ ಸರೋವರದ ಹಾರುವ ತಟ್ಟೆ: ಗಾಯ ನಿಜ, ಕಾರಣ ನಿಗೂಢ

ಆಗಸದಲ್ಲಿ ವಿಚಿತ್ರ ಬೆಳಕನ್ನು ಕಂಡೆವೆಂದು ಹೇಳುವವರಿಗೆ ಯಾವ ದೇಶದಲ್ಲೂ ಬರವಿಲ್ಲ. ಆದರೆ ಕಂಡದ್ದಕ್ಕೆ ಸಾಕ್ಷಿಯೆಂದು ಮೈಮೇಲೆ ಸುಟ್ಟ ಗಾಯಗಳನ್ನು ಹೊತ್ತು ಬಂದವರು ವಿರಳ. ಕೆನಡಾದ ಸ್ಟೆಫಾನ್ ಮಿಖಾಲಾಕ್ ಅಂಥವರಲ್ಲೊಬ್ಬರು. 1967ರ ಮೇ 20ರಂದು ನಡೆಯಿತೆನ್ನಲಾದ ಈ ಘಟನೆ ಕೆನಡಾದ ಅತ್ಯಂತ ಪ್ರಸಿದ್ಧ ಯುಎಫ್ಒ ಪ್ರಕರಣವಾಗಿದ್ದು, ಅರ್ಧ ಶತಮಾನ ಕಳೆದರೂ ಇತ್ಯರ್ಥವಾಗಿಲ್ಲ.

ಅಂದು ನಡೆದದ್ದೇನು?

ಪೋಲೆಂಡ್ ಮೂಲದ ಮಿಖಾಲಾಕ್ ಮ್ಯಾನಿಟೋಬಾ ಪ್ರಾಂತ್ಯದ ರಾಜಧಾನಿ ವಿನಿಪೆಗ್‌ನಲ್ಲಿ ಕಾರ್ಖಾನೆಯೊಂದರ ಮೆಕ್ಯಾನಿಕ್ ಆಗಿದ್ದರು. ಬಿಡುವಿನಲ್ಲಿ ಖನಿಜ ಹುಡುಕುವುದು ಅವರ ಹವ್ಯಾಸ. ಅಂದು ನಗರದಿಂದ ಸುಮಾರು 150 ಕಿ.ಮೀ. ಪೂರ್ವದಲ್ಲಿರುವ ಫಾಲ್ಕನ್ ಸರೋವರದ ಬಳಿಯ ಕಾಡಿಗೆ ಒಬ್ಬರೇ ತೆರಳಿದ್ದರು.

ಅವರ ಹೇಳಿಕೆಯ ಪ್ರಕಾರ, ಮಧ್ಯಾಹ್ನದ ಹೊತ್ತಿಗೆ ಬಾತುಗಳ ಗಲಾಟೆ ಕೇಳಿ ತಲೆಯೆತ್ತಿದಾಗ ಕೆಂಪಾಗಿ ಹೊಳೆಯುತ್ತಿದ್ದ ಎರಡು ವಸ್ತುಗಳು ಕೆಳಗಿಳಿಯುತ್ತಿದ್ದವು. ಒಂದು ಹಾರಿಹೋಯಿತು, ಇನ್ನೊಂದು ಚಪ್ಪಟೆ ಬಂಡೆಯ ಮೇಲೆ ಇಳಿಯಿತು. ಸುಮಾರು ಅರ್ಧ ಗಂಟೆ ದೂರದಿಂದಲೇ ಅದರ ಚಿತ್ರ ಬರೆದುಕೊಂಡ ಅವರು, ಅದು ಅಮೆರಿಕದ ರಹಸ್ಯ ವಿಮಾನವಿರಬಹುದೆಂದು ಭಾವಿಸಿ ಸಮೀಪಿಸಿದರು. ಒಳಗಿನಿಂದ ಮಾತಿನ ಸದ್ದು ಕೇಳಿದಂತಾಗಿ ಇಂಗ್ಲಿಷ್, ರಷ್ಯನ್, ಜರ್ಮನ್ ಮುಂತಾದ ಭಾಷೆಗಳಲ್ಲಿ ಕೂಗಿದರೂ ಉತ್ತರ ಬರಲಿಲ್ಲ. ಮುಟ್ಟಿದಾಗ ಕೈಗವಸು ಕರಗಿತು. ಅಷ್ಟರಲ್ಲಿ ವಸ್ತು ತಿರುಗಿ, ಜಾಲರಿಯಂಥ ರಂಧ್ರಗಳಿಂದ ಬಿಸಿ ಅನಿಲ ಎದೆಗೆ ಬಡಿದು ಅಂಗಿಗೆ ಬೆಂಕಿ ಹೊತ್ತಿಕೊಂಡಿತು. ಮರುಕ್ಷಣವೇ ಅದು ಮೇಲೇರಿ ಕಣ್ಮರೆಯಾಯಿತು.

ದೇಹದ ಮೇಲಿನ ಪರಿಣಾಮ

ವಾಂತಿ, ತಲೆನೋವುಗಳಿಂದ ಬಳಲುತ್ತ ಹೆದ್ದಾರಿ ತಲುಪಿದ ಮಿಖಾಲಾಕ್ ಅಂದೇ ವಿನಿಪೆಗ್‌ಗೆ ಮರಳಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರು. ಅವರ ಹೊಟ್ಟೆಯ ಮೇಲೆ ಸಾಲುಸಾಲು ಚುಕ್ಕೆಗಳಂಥ ಸುಟ್ಟ ಗುರುತುಗಳಿದ್ದವು. ಅವುಗಳ ಛಾಯಾಚಿತ್ರಗಳು ಇಂದಿಗೂ ಲಭ್ಯ. ಮುಂದಿನ ವಾರಗಳಲ್ಲಿ ಊಟ ಸೇರದೆ ತೂಕ ಇಳಿಯಿತೆಂದು ಅವರು ತಿಳಿಸಿದ್ದರು. 1968ರಲ್ಲಿ ಸ್ವಂತ ಖರ್ಚಿನಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ಗೂ ಹೋಗಿ ಪರೀಕ್ಷೆ ಮಾಡಿಸಿಕೊಂಡರು. ಮಾನಸಿಕ ಅಸ್ವಸ್ಥತೆಯ ಲಕ್ಷಣ ಅಲ್ಲಿ ಕಂಡುಬರಲಿಲ್ಲ.

ಬಂಡೆ, ಮಣ್ಣು, ಲೋಹ

ರಾಯಲ್ ಕೆನಡಿಯನ್ ಮೌಂಟೆಡ್ ಪೊಲೀಸ್ ಹಾಗೂ ವಾಯುಪಡೆ ನಡೆಸಿದ ಆರಂಭಿಕ ಶೋಧದಲ್ಲಿ ಸ್ಥಳವೇ ಪತ್ತೆಯಾಗಲಿಲ್ಲ. ವಾರಗಳ ನಂತರ ಅದನ್ನು ಗುರುತಿಸಿದವರು ಸ್ವತಃ ಮಿಖಾಲಾಕ್. ಬಂಡೆಯ ಮೇಲೆ ಪಾಚಿ ಕಿತ್ತುಹೋದ ವೃತ್ತವೊಂದಿತ್ತು. ಮಣ್ಣಿನಲ್ಲಿ ವಿಕಿರಣಶೀಲ ರೇಡಿಯಂ ಪತ್ತೆಯಾಯಿತಾದರೂ ಅದು ಸಾರ್ವಜನಿಕರಿಗೆ ಅಪಾಯಕಾರಿ ಮಟ್ಟದ್ದಲ್ಲವೆಂದು ಅಧಿಕಾರಿಗಳು ತೀರ್ಮಾನಿಸಿದರು. ರೇಡಿಯಂ ನಿಸರ್ಗದಲ್ಲೂ ಇದೆ. ಕತ್ತಲಲ್ಲಿ ಹೊಳೆಯುವ ಗಡಿಯಾರದ ಮುಳ್ಳುಗಳಿಗೂ ಆ ಕಾಲದಲ್ಲಿ ಅದನ್ನು ಬಳಿಯಲಾಗುತ್ತಿತ್ತು. ಒಂದು ವರ್ಷದ ಬಳಿಕ ಅದೇ ಬಂಡೆಯ ಬಿರುಕಿನಲ್ಲಿ ವಿಕಿರಣಶೀಲ ಬೆಳ್ಳಿಯ ತುಣುಕುಗಳು ದೊರೆತವು.

ತನಿಖೆ ಹೇಳಿದ್ದೇನು?

ಅಮೆರಿಕದ ವಾಯುಪಡೆಯ ನೆರವಿನಿಂದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನಿ ಎಡ್ವರ್ಡ್ ಕಾಂಡನ್ ನೇತೃತ್ವದ ಸಮಿತಿ ಯುಎಫ್ಒ ವರದಿಗಳನ್ನು ಪರಿಶೀಲಿಸುತ್ತಿತ್ತು. ಫಾಲ್ಕನ್ ಸರೋವರದ್ದು ಅದರ 22ನೇ ಪ್ರಕರಣ. ಹೇಳಿಕೆ ಅಕ್ಷರಶಃ ನಿಜವಾದರೆ ಅನ್ಯಲೋಕದ ವಾಹನವನ್ನು ಒಪ್ಪಲೇಬೇಕಾಗುತ್ತದೆಂದು ಸಮಿತಿ ಬರೆಯಿತು. ಆದರೆ ಹೇಳಿಕೆಯಲ್ಲಿ ಅಸಂಗತಿಗಳಿವೆ, ರಜಾದಿನದ ಆ ಪ್ರವಾಸಿ ತಾಣದಲ್ಲಿ ಬೇರೆ ಯಾರೂ ಏನನ್ನೂ ಕಂಡಿಲ್ಲ ಎಂದೂ ಸೇರಿಸಿತು. ಮೊದಲೇ ಕೂಲಂಕಷವಾಗಿ ಶೋಧಿಸಿದ್ದ ಜಾಗದಲ್ಲಿ ವರ್ಷದ ನಂತರ ಬೆಳ್ಳಿ ಸಿಕ್ಕಿದ್ದನ್ನು ಅದು ನಂಬಲಿಲ್ಲ. ಹಿಂದಿನ ರಾತ್ರಿ ಅವರು ಮದ್ಯ ಸೇವಿಸಿದ್ದರೆಂಬ ಹೇಳಿಕೆ ಪೊಲೀಸ್ ಕಡತದಲ್ಲಿದೆ. ಬಿಸಿ ಕಬ್ಬಿಣದ ಜಾಲರಿಯ ಮೇಲೆ ಬಿದ್ದು ಸುಟ್ಟುಕೊಂಡಿರಬಹುದೆಂಬುದು ಸಂದೇಹವಾದಿಗಳ ವಾದ. ಅದಕ್ಕೂ ಪುರಾವೆ ಇಲ್ಲ.

ಪ್ರಕರಣದ ನಿಜವಾದ ತೊಡಕು ಇರುವುದೇ ಇಲ್ಲಿ. ಗಾಯವು ಮನುಷ್ಯ ಸುಟ್ಟುಕೊಂಡಿದ್ದಾನೆ ಎಂಬುದನ್ನು ಸಾಬೀತುಪಡಿಸುತ್ತದೆ, ಯಾವುದರಿಂದ ಎಂಬುದನ್ನಲ್ಲ. ಭೌತಿಕ ಕುರುಹುಗಳೆಲ್ಲ ಏಕೈಕ ಸಾಕ್ಷಿಯಾಗಿದ್ದ ಮಿಖಾಲಾಕ್ ಮೂಲಕವೇ ತನಿಖೆಗಾರರನ್ನು ತಲುಪಿದವು. ಮೊದಲ ದಿನಗಳಲ್ಲೇ ಸ್ಥಳವನ್ನು ಪತ್ತೆಹಚ್ಚಿ ಮಾದರಿ ಸಂಗ್ರಹಿಸಿದ್ದರೆ ಇಂದಿನ ವಾದಗಳಲ್ಲಿ ಅರ್ಧಕ್ಕರ್ಧ ಉಳಿಯುತ್ತಿರಲಿಲ್ಲ. ಅವರನ್ನು ಸುಳ್ಳುಗಾರರೆನ್ನುವವರಿಗೂ, ನಂಬುವವರಿಗೂ ಆ ವಿಳಂಬದಿಂದ ನಷ್ಟವೇ ಆಯಿತು.

ಉಳಿದಿರುವುದು

ಮಿಖಾಲಾಕ್ 1999ರಲ್ಲಿ ನಿಧನರಾದರು. ತಾವು ಅನ್ಯಲೋಕದ ಜೀವಿಗಳನ್ನು ಕಂಡೆನೆಂದು ಅವರು ಎಂದೂ ಹೇಳಿಕೊಳ್ಳಲಿಲ್ಲ. ಕಂಡದ್ದನ್ನು ಮಾತ್ರ ಹೇಳುತ್ತಿದ್ದೇನೆ ಎಂಬುದು ಅವರ ನಿಲುವಾಗಿತ್ತು. 2018ರಲ್ಲಿ ಕೆನಡಾದ ಟಂಕಸಾಲೆ ಈ ಘಟನೆಯ ನೆನಪಿಗೆ 20 ಡಾಲರ್ ಮುಖಬೆಲೆಯ ಮೊಟ್ಟೆಯಾಕಾರದ ಬೆಳ್ಳಿ ನಾಣ್ಯವನ್ನು ಹೊರತಂದಿತು. ಸರ್ಕಾರಿ ಕಡತಗಳು ಈಗ ಕೆನಡಾದ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಅಲ್ಲಿ ಈ ಪ್ರಕರಣ ಸತ್ಯವೆಂದೂ ಸುಳ್ಳೆಂದೂ ದಾಖಲಾಗಿಲ್ಲ. 'ಬಗೆಹರಿಯದ್ದು' ಎಂದಷ್ಟೇ ದಾಖಲಾಗಿದೆ.