ಹಳೆಯ ಪೈಥಾನನ್ನು ಕೈಬಿಟ್ಟ ಬಗೆ

ಕಂಪ್ಯೂಟರಿಗೆ ಕೆಲಸ ಹೇಳುವ ಭಾಷೆಗಳಲ್ಲಿ ಪೈಥಾನ್ ಒಂದು. ನೆದರ್ಲೆಂಡ್ಸಿನ ಗೈಡೊ ವಾನ್ ರೋಸಮ್ 1991ರಲ್ಲಿ ಇದನ್ನು ಹೊರತಂದರು. ಈ ಭಾಷೆಯಲ್ಲಿ ಒಬ್ಬರು ಬರೆದ ಸಾಫ್ಟ್‌ವೇರ್ ಇನ್ನೊಬ್ಬರ ಯಂತ್ರ ಸೇರಬೇಕಾದರೆ ಅದನ್ನು ಪೊಟ್ಟಣ ಕಟ್ಟಿ ಇಡಬೇಕು. ಆ ಪೊಟ್ಟಣವನ್ನು ತರಿಸಿ ಬಿಚ್ಚಿ ಜೋಡಿಸಿಕೊಡುವ ಉಪಕರಣವೇ ‘ಪಿಪ್’. ಅದು ಹುಟ್ಟಿದ್ದು 2008ರಲ್ಲಿ. ಅದನ್ನು ನೋಡಿಕೊಳ್ಳುವವರು ಬಹುಮಟ್ಟಿಗೆ ಸ್ವಯಂಸೇವಕರು.

ಅದೇ ವರ್ಷದ ಡಿಸೆಂಬರಿನಲ್ಲಿ ಪೈಥಾನ್ 3 ಬಂತು. ಅದಕ್ಕೂ ಹಳೆಯದಕ್ಕೂ ಹೊಂದಿಕೆಯಾಗಲಿಲ್ಲ. ಏಳನ್ನು ಎರಡರಿಂದ ಭಾಗಿಸಿದರೆ ಹಳೆಯದು 3 ಎನ್ನುತ್ತಿತ್ತು, ಹೊಸದು 3.5 ಎಂದಿತು. ಕನ್ನಡಿಗರಿಗಂತೂ ಹೊಸದೇ ಅನುಕೂಲ. ‘ಕನ್ನಡ’ ಎಂಬ ಪದದ ಉದ್ದ ಕೇಳಿದರೆ ಹಳೆಯದು ಯುಟಿಎಫ್-8ರ ಬೈಟುಗಳನ್ನೆಣಿಸಿ 15 ಎನ್ನುತ್ತಿತ್ತು. ಹೊಸದು ಯೂನಿಕೋಡ್ ಸಂಕೇತಗಳನ್ನೆಣಿಸಿ 5 ಎನ್ನುತ್ತದೆ. (ನಮ್ಮ ಲೆಕ್ಕದ ಮೂರು ಅಕ್ಷರಕ್ಕೆ ಅದೂ ಬಂದು ಮುಟ್ಟಲಿಲ್ಲ, ಆ ಮಾತು ಬೇರೆ.)

ಹಳೆಯದರ ಕೊನೆಯ ಸರಣಿ 2.7 ಹೊರಬಂದದ್ದು 2010ರಲ್ಲಿ. ಅದರ ಪೋಷಣೆ 2015ಕ್ಕೆ ಮುಗಿಯಬೇಕಿತ್ತು. 2014ರಲ್ಲಿ ಗಡುವನ್ನು 2020ಕ್ಕೆ ಮುಂದೂಡಲಾಯಿತು. ಪೊಟ್ಟಣ ಕಟ್ಟುವವರಿಗೆ ಇದು ಇಕ್ಕಟ್ಟು. ಹಳೆಯದನ್ನು ಉಳಿಸಿಕೊಂಡರೆ ಪ್ರತಿ ತಿದ್ದುಪಡಿಯನ್ನೂ ಎರಡೂ ಕಡೆ ಪರೀಕ್ಷಿಸಬೇಕು. ಹೊಸ ಸೌಲಭ್ಯಗಳನ್ನು ಮುಟ್ಟುವಂತಿಲ್ಲ. ಬಿಟ್ಟರೋ, ಹಳೆಯ ಯಂತ್ರದವರು ಎಂದಿನಂತೆ ಪೊಟ್ಟಣ ತರಿಸಿದಾಗ ಹೊಂದದ ಆವೃತ್ತಿ ಬಂದು ಕೂರುತ್ತದೆ, ನಿನ್ನೆಯವರೆಗೆ ನಡೆಯುತ್ತಿದ್ದ ಕೆಲಸ ನಿಂತುಹೋಗುತ್ತದೆ.

ಈ ಗಂಟನ್ನು ಸಡಿಲಿಸಿದ್ದು ಗಡುವಲ್ಲ, ಒಂದು ಸಣ್ಣ ಚೀಟಿ. ‘ಇಂಥ ಪೈಥಾನಿಗಿಂತ ಹಳೆಯದಕ್ಕೆ ಇದು ಹೊಂದದು’ ಎಂದು ಪೊಟ್ಟಣದ ಮೇಲೆ ಬರೆದಿದ್ದರೆ, 2016ರ ನವೆಂಬರಿನಲ್ಲಿ ಬಂದ ಪಿಪ್ 9 ಅದನ್ನೋದಿ, ಆ ಯಂತ್ರಕ್ಕೆ ಹೊಂದುವ ಕೊನೆಯ ಆವೃತ್ತಿಯನ್ನು ಹುಡುಕಿ ತರುತ್ತಿತ್ತು. ಇದನ್ನೇ ನಂಬಿ ‘ಐಪೈಥಾನ್’ ಯೋಜನೆ 2017ರಲ್ಲಿ ತನ್ನ 6ನೇ ಆವೃತ್ತಿಯಿಂದ ಪೈಥಾನ್ 2ನ್ನು ಕೈಬಿಟ್ಟಿತು. ಆದರೆ ಚೀಟಿ ಓದಲು ಬರುವುದು ಹೊಸ ಪಿಪ್‌ಗೆ ಮಾತ್ರ; ಹಳೆಯ ಪೈಥಾನ್ ಇದ್ದಲ್ಲಿ ಪಿಪ್ ಕೂಡ ಹಳೆಯದಾಗಿರುವ ಸಂಭವವೇ ಹೆಚ್ಚು. ಅಂಥವರಿಗಾಗಿ ಐಪೈಥಾನ್ ತಂಡ ಮತ್ತೊಂದು ಏರ್ಪಾಟು ಮಾಡಿತು: ಜೋಡಣೆ ಅಲ್ಲಿಗೇ ನಿಂತು, 5ನೇ ಸರಣಿಯನ್ನು ಬಳಸಿ, ಪಿಪ್ ನವೀಕರಿಸಿಕೊಳ್ಳಿ ಎಂಬ ಸೂಚನೆ ಪರದೆಯ ಮೇಲೆ ಬರುತ್ತಿತ್ತು.

ಲೆಕ್ಕಾಚಾರದ ಸಾಧನ ‘ನಂಪೈ’ ಬಳಗ 2019ರಲ್ಲಿ, ಹಿಂದಿನ 42 ತಿಂಗಳಲ್ಲಿ ಬಂದ ಪೈಥಾನ್‌ಗಳನ್ನು ಬೆಂಬಲಿಸಿದರೆ ಸಾಕೆಂಬ ಸೂತ್ರ ರೂಪಿಸಿತು.

ಪಿಪ್‌ಗೆ ಮಾತ್ರ ಅಷ್ಟು ಸುಲಭವಿರಲಿಲ್ಲ. ಎಲ್ಲರನ್ನೂ ದಾಟಿಸುವ ಅಂಬಿಗನೇ ಮೊದಲು ದಡ ಸೇರಿದರೆ ಉಳಿದವರ ಗತಿಯೇನು? 2020ರ ಜನವರಿ 1ಕ್ಕೆ ಪೈಥಾನ್ 2ರ ಪೋಷಣೆ ಮುಗಿದ ಮೇಲೂ ಪಿಪ್ ಒಂದು ವರ್ಷ ಕಾದು, 2021ರ ಜನವರಿಯಲ್ಲಿ 21.0 ಆವೃತ್ತಿಯಿಂದ ಅದನ್ನು ಬಿಟ್ಟಿತು. ಇನ್ನೂ ಕಾಯಬೇಕಿತ್ತೆನ್ನುವುದು ನ್ಯಾಯವಲ್ಲ. ಪೈಥಾನ್ 2.7ನ್ನು ಒಳಗೊಂಡ ರೆಡ್ ಹ್ಯಾಟ್ ಲಿನಕ್ಸ್ 7ರ ನಿರ್ವಹಣೆ 2024ರ ಜೂನ್‌ವರೆಗೂ ನಡೆಯಿತು ನಿಜ. ಆದರೆ ಆ ಹೊರೆ ಹಣ ಪಡೆದ ಕಂಪನಿಯದು, ಬಿಡುವಿನಲ್ಲಿ ದುಡಿಯುವವರದಲ್ಲ. ಹಾಗೆಂದು ಹಳಬರಿಗೆ ಬಾಗಿಲು ಮುಚ್ಚಲಿಲ್ಲ. ಪೈಥಾನ್ 2.7ಕ್ಕೆ ಹೊಂದುವ ಕೊನೆಯ ಪಿಪ್, 20.3.4, ಅಳಿಸದೆ ಉಗ್ರಾಣದಲ್ಲೇ ಇದೆ.